ಮೂಲೆ ಮೂಲೆಗೂ ಮಟ್ಟ ಹಿಡಿದು



ಜಗತ್ತಿನ ಅಸಮಾನತೆ ಮತ್ತು ಅಭಿವೃದ್ಧಿಯ ಬಗ್ಗೆ ಮಾತಾಡಲು ಹೇಳಿದ್ದೀರಿ. ಈ ಕಾಕ್ಕನಾಡಿನಲ್ಲಿ ಏಳುತ್ತಿರುವ ಯಾವುದಾದರೂ ಒಂದು ಮನೆಯ ಮುಂದೆ ನಿಂತರೆ ಸಾಕು, ವಿಷಯ ಕಣ್ಣಿಗೆ ಬೀಳುತ್ತದೆ. ಮನೆಯ ಮಗಳು ಕೊಲ್ಲಿ ದೇಶದಲ್ಲಿ ನರ್ಸ್; ದುಡ್ಡು ಅವಳದು. ಗೋಡೆ ಕಟ್ಟುವ ಗಾರೆ ಕೆಲಸದವನು ಬಂಗಾಳದ ಮುರ್ಷಿದಾಬಾದಿನವನು. ಅವನು ಕಳಿಸುವ ಕೂಲಿಯಲ್ಲಿ ಅಲ್ಲಿ ಅಮ್ಮನ ಔಷಧಿ, ತಮ್ಮನ ಫೀಸು. ಒಂದೇ ಗೋಡೆಯೊಳಗೆ ಮೂರು ನಾಡಿನ ಕೂಲಿ ದರಗಳಿವೆ.

ಕರಣೆ ಅದೇ, ಕೈ ಅದೇ, ಬೆವರೂ ಅದೇ. ಆದರೂ ಊರು ದಾಟಿದೊಡನೆ ಬೆಲೆ ಬದಲಾಗುತ್ತದೆ. ರಿಸರ್ವ್ ಬ್ಯಾಂಕಿನ ಲೆಕ್ಕದಂತೆ 2022–23ರಲ್ಲಿ ಕೇರಳದ ಹಳ್ಳಿಗಳಲ್ಲಿ ಕಟ್ಟಡ ಕೆಲಸಕ್ಕೆ ಸರಾಸರಿ ದಿನಗೂಲಿ 852 ರೂಪಾಯಿ, ದೇಶದ ಸರಾಸರಿ 393. ಜಗತ್ತಿನ ಲೆಕ್ಕ ಇನ್ನೂ ಕಠೋರವಾಗಿದೆ. 2022ರ ವಿಶ್ವ ಅಸಮಾನತೆ ವರದಿಯ ಪ್ರಕಾರ ಮೇಲಿನ ಶೇ. 10 ಜನರ ಕೈಗೆ ಒಟ್ಟು ಆದಾಯದ ಶೇ. 52 ಸೇರುತ್ತದೆ, ಕೆಳಗಿನ ಅರ್ಧದಷ್ಟು ಜನರಿಗೆ ಸಿಗುವುದು ಶೇ. 8.5. ಯಾರು ಎಲ್ಲಿ ಹುಟ್ಟಿದರು ಎಂಬುದೇ ಅವರ ಅನ್ನದ ಅಳತೆಯನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ.

ಹಾಗಾದರೆ ಹುಟ್ಟಿದ ಜಾಗವೇ ಹಣೆಬರಹವೇ? ಅದಕ್ಕೆ ಈ ನೆಲವೇ ಉತ್ತರ ಕೊಟ್ಟಿದೆ. ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಕಟ್ಟಿ ಬೆಳೆಸಿದ ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರ ವಿಶ್ವಸಂಸ್ಥೆಗಾಗಿ ನಡೆಸಿದ ಅಧ್ಯಯನ 1975ರಲ್ಲಿ ಹೊರಬಂತು. ಕೇರಳದ ತಲಾ ಆದಾಯ ಕಡಿಮೆ, ಆದರೂ ಇಲ್ಲಿನ ಜನ ಹೆಚ್ಚು ಕಾಲ ಬದುಕುತ್ತಾರೆ, ಓದುತ್ತಾರೆ ಎಂಬುದನ್ನು ಅದು ತೋರಿಸಿತು. ಶ್ರೀಮಂತರಾಗುವವರೆಗೆ ಕಾಯದೆ ಶಾಲೆ, ಆಸ್ಪತ್ರೆ, ರೇಷನ್ ಅಂಗಡಿ, ಉಳುವವನಿಗೆ ಭೂಮಿ ಇವನ್ನು ಮೊದಲು ಕೊಟ್ಟದ್ದರ ಫಲ ಅದು. ನಾವು ಕುಳಿತಿರುವ ಎರ್ನಾಕುಲಂ ಜಿಲ್ಲೆಯಲ್ಲೇ ಶಾಸ್ತ್ರ ಸಾಹಿತ್ಯ ಪರಿಷತ್ತು ಮತ್ತು ಜಿಲ್ಲಾಡಳಿತ ಸೇರಿ ಸಾಕ್ಷರತಾ ಆಂದೋಲನ ನಡೆಸಿದವು. 1990ರ ಫೆಬ್ರವರಿಯಲ್ಲಿ ಇದು ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆ ಎಂದು ಘೋಷಣೆಯಾಯಿತು. ಅಜ್ಜಿಯರು ಸಂಜೆ ಸ್ಲೇಟು ಹಿಡಿದು ಕೂತ ಆ ದಿನಗಳ ಮುಂದೆ ನಾನು ತಲೆಬಾಗುತ್ತೇನೆ.

ಆದರೆ ಮತ್ತೆ ಆ ಗೋಡೆಯ ಹತ್ತಿರ ಬನ್ನಿ. ನೆಲಕ್ಕೆ ಕಾಂಕ್ರೀಟು ಹಾಕಿದ ಮೇಲೆ ಆ ಕೆಲಸಗಾರ ರಸಮಟ್ಟ ಇಟ್ಟು ನೋಡುತ್ತಾನೆ. ನಡುವೆ ಒಮ್ಮೆ ಇಟ್ಟು ಎದ್ದುಬಿಡುವುದಿಲ್ಲ; ನಾಲ್ಕು ಮೂಲೆಗೂ ಹೋಗಿ ಕುಕ್ಕರುಗಾಲಲ್ಲಿ ಕೂತು ಗುಳ್ಳೆಯನ್ನು ದಿಟ್ಟಿಸುತ್ತಾನೆ. ಒಂದು ಮೂಲೆ ಎರಡಿಂಚು ಎದ್ದು ಇನ್ನೊಂದು ಎರಡಿಂಚು ಕುಸಿದಿದ್ದರೆ ಸರಾಸರಿಯಲ್ಲಿ ನೆಲ ಸಮವೇ. ನೀರು ಮಾತ್ರ ಕುಸಿದ ಮೂಲೆಯಲ್ಲೇ ನಿಲ್ಲುತ್ತದೆ.

ಕೇರಳದ ಅಂಥ ಒಂದು ಮೂಲೆ ನಮ್ಮ ಕನ್ನಡಿಗರದು. ಕಾಸರಗೋಡಿನ ಎಣ್ಮಕಜೆ ಗ್ರಾಮದ ಪಡ್ರೆಯ ಸುತ್ತ ಸರ್ಕಾರಿ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. ವಾಣಿನಗರದ ವೈದ್ಯ ಡಾ. ಮೋಹನ್ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಕೂಗಿ ಹೇಳಿದ ಮೇಲೆ ಲೋಕ ಆ ವಿಷಕ್ಕೆ ತುತ್ತಾದ ಮಕ್ಕಳ ಕಡೆ ತಿರುಗಿತು. 2020ರ ಮಾರ್ಚಿನಲ್ಲಿ, ಕೋವಿಡ್ ಲಾಕ್‌ಡೌನಿನ ವೇಳೆ, ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳಲ್ಲಿ ಕೆಲವರು ದಾರಿ ಸಿಗದೆ ತೀರಿಕೊಂಡರು. ಶಿಶುಮರಣ ದೇಶದಲ್ಲೇ ಅತಿ ಕಡಿಮೆ ಇರುವ ರಾಜ್ಯಗಳಲ್ಲೊಂದು ಕೇರಳ. ಆ ಹೆಮ್ಮೆಯ ಅಂಕಿಯೊಳಗೆ ಗಡಿಯ ಮಂಜೇಶ್ವರದ ದಾರಿ ಕಾಣಲಿಲ್ಲ.

ಅತ್ತ ನಮ್ಮ ಕರ್ನಾಟಕವೂ ಇದಕ್ಕೆ ಹೊರತಲ್ಲ. 2002ರಲ್ಲಿ ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಪಟ್ಟಿ ಮಾಡಿತು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88 ದಾಟಿತ್ತು, ಯಾದಗಿರಿಯದು 52ರ ಹತ್ತಿರ ನಿಂತಿತ್ತು. ಬೆಂಗಳೂರಿನ ಗಗನಚುಂಬಿಗಳಿಗೆ ಇಟ್ಟಿಗೆ ಹೊರಲು ಗುಳೆ ಹೋಗುವ ಸಂಸಾರಗಳು ಆ ಕಡೆಯಿಂದಲೇ ಹೊರಡುತ್ತವೆ. ಮುರ್ಷಿದಾಬಾದಿನವನದೂ ಗುಳೆಯೇ, ರೈಲಿನ ದಾರಿ ಮಾತ್ರ ಉದ್ದ.

ಸ್ವಂತ ಇಚ್ಛೆಯಿಂದ ಹೊರಟವರಿಗೆ ಪ್ರಯಾಣ ಒಂದು ಅವಕಾಶ. ಹೊಟ್ಟೆಗಿಲ್ಲದೆ ಹೊರಟವರಿಗೆ ಅದು ಗುಳೆ. ಈ ಎರಡರ ನಡುವಿನ ಅಂತರ ಕಡಿಮೆಯಾಗುವುದನ್ನೇ ನಾನು ಅಭಿವೃದ್ಧಿ ಎನ್ನುತ್ತೇನೆ.

ಆ ಅಂತರವನ್ನು ಕಡಿಮೆ ಮಾಡುವ ಒಂದು ಕೆಲಸ ಇದೇ ಜಿಲ್ಲೆಯಲ್ಲಿ ನಡೆದಿದೆ. ವಲಸೆ ಕಾರ್ಮಿಕರ ಮಕ್ಕಳಿಗಾಗಿ 2017ರಲ್ಲಿ ಆರಂಭವಾದ ‘ರೋಶ್ನಿ’ ಯೋಜನೆಯಲ್ಲಿ, ಶಾಲೆ ಶುರುವಾಗುವ ಮುನ್ನ ಮಕ್ಕಳಿಗೆ ತಿಂಡಿ ಕೊಟ್ಟು, ಅವರ ಭಾಷೆ ಬಲ್ಲವರೇ ಮಲಯಾಳಂ ಕಲಿಸಿದರು. ಕನ್ನಡ ಬಾರದ ಮೇಷ್ಟ್ರನ್ನು ಕನ್ನಡ ಶಾಲೆಗೆ ಹಾಕಿದಾಗ ಕಾಸರಗೋಡಿನ ಮಕ್ಕಳು ಪಟ್ಟ ಪಾಡು ಕೇಳಿದ ನಮಗೆ, ತನ್ನ ಮಾತು ತಿಳಿಯುವ ಒಬ್ಬ ಅಕ್ಕ ತರಗತಿಯಲ್ಲಿದ್ದರೆ ಮಗುವಿಗೆ ಎಷ್ಟು ಧೈರ್ಯ ಎಂದು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿಂದ ಮನೆಗೆ ಹೋಗುವಾಗ ದಾರಿಯಲ್ಲಿ ಏಳುತ್ತಿರುವ ಕಟ್ಟಡ ಸಿಗುತ್ತದೆ. ಅಲ್ಲಿನ ತಗಡಿನ ಶೆಡ್ಡಿನ ಮುಂದೆ ಮಕ್ಕಳು ಆಡುತ್ತಿದ್ದರೆ ಒಂದು ನಿಮಿಷ ನಿಲ್ಲಿ. ಯಾವ ಶಾಲೆಗೆ ಹೋಗುತ್ತೀರಿ ಎಂದು ಕೇಳಿ. ಹೋಗುತ್ತಿಲ್ಲ ಎಂದರೆ ಮರುದಿನ ಅವರ ತಂದೆತಾಯಿಯನ್ನು ಕರೆದುಕೊಂಡು ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ. ಕುಸಿದ ಮೂಲೆ ಎತ್ತುವ ಕೆಲಸ ಅಲ್ಲಿಂದ ಶುರುವಾಗಲಿ.