ಬೀದಿದೀಪದ ಕಥೆಯಲ್ಲಿ ಯಾರ್ಯಾರು ಕಾಣೆಯಾಗಿದ್ದಾರೆ?

ಬಸ್ಸಲ್ಲಿದ್ದೀರೋ, ಹಾಸ್ಟೆಲ್ ರೂಮಲ್ಲಿದ್ದೀರೋ, ಪಾತ್ರೆ ತೊಳೀತಾ ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡಿದ್ದೀರೋ, ಎಲ್ಲರಿಗೂ ಸ್ವಾಗತ. ಈ ವಾರದ ಪುಸ್ತಕದ ಮಾತಿಗೆ ಶುರು ಮಾಡೋಣ.

ಎಸ್ಸೆಸ್ಸೆಲ್ಸಿ, ಪಿಯುಸಿ ರಿಸಲ್ಟ್ ಬಂದ ಮರುದಿನದ ಸುದ್ದಿಗಳನ್ನ ನೆನಪು ಮಾಡ್ಕೊಳ್ಳಿ. 'ಕೂಲಿ ಕಾರ್ಮಿಕನ ಮಗಳು ಜಿಲ್ಲೆಗೇ ಫಸ್ಟ್', 'ಆಟೋ ಚಾಲಕನ ಮಗನ ಸಾಧನೆ'. ಬಾಯಿಗೆ ಸಿಹಿ ಇಡ್ತಿರೋ ಫೋಟೋ. ಸಂಜೆ ಹೊತ್ತಿಗೆ ಅದೇ ಒಂದು ರೀಲ್ ಆಗಿರುತ್ತೆ, ಹಿಂದೆ ಒಂದು ಮ್ಯೂಸಿಕ್, ಮೇಲೆ 'ಛಲವಿದ್ದರೆ ಎಲ್ಲವೂ ಸಾಧ್ಯ'. ಆ ಮಕ್ಕಳ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ, ಅವರು ಓದಿದ್ದಾರೆ, ಗೆದ್ದಿದ್ದಾರೆ. ನನ್ನ ತಕರಾರು ಆ ಸಾಲಿನ ಮೇಲೆ. ಆ ಸಾಲನ್ನ ಅದೇ ಬೀದಿಯ ಫೇಲಾದ ಹುಡುಗನೂ ಓದ್ತಾನೆ. ಅವನಿಗೆ ಅದು ಹೇಗೆ ಕೇಳುತ್ತೆ? ನಿನಗೆ ಛಲ ಇರಲಿಲ್ಲ, ಅದಕ್ಕೇ ಹೀಗಾಯ್ತು ಅಂತ.

ಬಡತನದ ಬಾಲ್ಯವನ್ನ ನಮ್ಮ ದೊಡ್ಡ ಲೇಖಕರು ಹೀಗೆ ಬರೆದಿಲ್ಲ. ಇವತ್ತು ಅದನ್ನೇ ನೋಡೋಣ.

ಮೊದಲು ಎಸ್.ಎಲ್. ಭೈರಪ್ಪನವರ 'ಗೃಹಭಂಗ'. 1970ರ ಕಾದಂಬರಿ. ಗಿರೀಶ್ ಕಾಸರವಳ್ಳಿ ಇದನ್ನ ಟಿವಿ ಧಾರಾವಾಹಿನೂ ಮಾಡಿದ್ರು, ನಿಮ್ಮ ಅಪ್ಪ ಅಮ್ಮ ನೋಡಿರಬಹುದು. (ಕಥೆ ಮೊದಲೇ ಗೊತ್ತಾಗಬಾರದು ಅನ್ನೋರು ಎರಡು ನಿಮಿಷ ಮುಂದಕ್ಕೆ ಹಾಕಿ.) ಹಳೇ ಮೈಸೂರು ಸೀಮೆಯ ರಾಮಸಂದ್ರ ಅನ್ನೋ ಊರು, ಅಲ್ಲಿನ ಶಾನುಭೋಗರ ಮನೆ. ಶಾನುಭೋಗಿಕೆ ಗಂಡ ಚೆನ್ನಿಗರಾಯನ ಹೆಸರಲ್ಲಿ. ಅವನಿಗೆ ಬರೋದು ಉಣ್ಣೋದು ಮಾತ್ರ. ಲೆಕ್ಕದ ಪುಸ್ತಕ ಹಾಕೋದು ಹೆಂಡತಿ ನಂಜಮ್ಮ. ಅದೂ ಸಾಲದೆ ಬಂದಾಗ ಮುತ್ತುಗದ ಎಲೆ ತಂದು, ಊಟದೆಲೆ ಹಚ್ಚಿ ಮಾರ್ತಾಳೆ. ಮಕ್ಕಳು ಮೂರು. ಪಾರ್ವತಿ, ರಾಮಣ್ಣ, ವಿಶ್ವ. ಮಕ್ಕಳು ಓದಬೇಕು ಅನ್ನೋದೊಂದೇ ಅವಳ ಹಟ.

ಈಗ ರೀಲ್ ಆಗಿದ್ರೆ ಏನಾಗಬೇಕಿತ್ತು? ಅಮ್ಮ ಎಲೆ ಹಚ್ಚಿದಳು, ಮಗ ಓದಿದ, ಅಮಲ್ದಾರ ಆದ. ಕಾದಂಬರಿಯಲ್ಲಿ ಏನಾಗುತ್ತೆ ಅಂದ್ರೆ, ಊರಿಗೆ ಪ್ಲೇಗ್ ಬರುತ್ತೆ. ಪಾರ್ವತಿ ಹೋಗ್ತಾಳೆ, ರಾಮಣ್ಣ ಹೋಗ್ತಾನೆ. ರಾಮಣ್ಣ ಓದಿನಲ್ಲಿ ಹಿಂದಿರಲಿಲ್ಲ, ಛಲದಲ್ಲೂ ಹಿಂದಿರಲಿಲ್ಲ. ಮುಂದೆ ನಂಜಮ್ಮನೂ ಪ್ಲೇಗಿಗೇ ಹೋಗ್ತಾಳೆ. ಉಳಿಯೋದು ವಿಶ್ವ ಒಬ್ಬ. ಕೊನೆಗೆ ಅವನ ಕೈ ಹಿಡಿದು ಊರಿನಿಂದಾಚೆ ಕರಕೊಂಡು ಹೋಗೋದು ಅಪ್ಪ ಅಲ್ಲ, ಅಜ್ಜಿ ಅಲ್ಲ, ಭಿಕ್ಷೆ ಎತ್ತಿ ಬದುಕೋ ಮಾದೇವಯ್ಯನವರು. ರಕ್ತಸಂಬಂಧ ಇಲ್ಲ, ಜಾತಿ ಬೇರೆ.

ಈ ಕಾದಂಬರಿಗೆ ಭೈರಪ್ಪನವರ ಸ್ವಂತ ಬಾಲ್ಯವೇ ಮೂಲ. ಹಾಸನ ಜಿಲ್ಲೆ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ ಅವರ ಊರು. ಅವರ ತಾಯಿಯೂ ಪ್ಲೇಗಿಗೆ ಬಲಿಯಾದವರು. ಅಂದ್ರೆ ಬರೆಯೋದಕ್ಕೆ ಕೂತವರು, ಬದುಕಿ ಉಳಿದ ಆ ಹುಡುಗ. ಅವರು ವಿಶ್ವನನ್ನ ಹೀರೋ ಮಾಡಬಹುದಿತ್ತು. ಮಾಡಲಿಲ್ಲ. ಪುಸ್ತಕ ಪೂರ್ತಿ ನಂಜಮ್ಮನದು. ನನ್ನ ಮಟ್ಟಿಗೆ ಅವರ ಕಾದಂಬರಿಗಳಲ್ಲಿ ಇದೇ ದೊಡ್ಡದು. ಅವರ ನಂತರದ ಪುಸ್ತಕಗಳ ಬಗ್ಗೆ ಜಗಳ ಆಡೋರು ಕೂಡ ಇದರ ಮುಂದೆ ಸುಮ್ಮನಾಗಿದ್ದನ್ನ ನೋಡಿದ್ದೀನಿ.

ಇಲ್ಲಿ ಸ್ವಲ್ಪ ಲಂಡನ್ನಿಗೆ ಹೋಗಿ ಬರೋಣ, ಯಾಕಂದ್ರೆ ಬಡ ಹುಡುಗನ ಕಥೆ ಅಂದ ತಕ್ಷಣ ಯಾರಾದ್ರೂ ಚಾರ್ಲ್ಸ್ ಡಿಕನ್ಸ್ ಹೆಸರು ಹೇಳೇ ಹೇಳ್ತಾರೆ. 1824. ಡಿಕನ್ಸ್‌ಗೆ ಆಗಷ್ಟೇ 12 ತುಂಬಿತ್ತು. ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸೋ ಕೆಲಸ, ವಾರಕ್ಕೆ ಆರೋ ಏಳೋ ಶಿಲಿಂಗ್ ಕೂಲಿ. ಅಪ್ಪ ಸಾಲ ತೀರಿಸಲಾಗದೆ ಜೈಲಲ್ಲಿ. ಅಲ್ಲಿಂದ ಆ ಹುಡುಗ ಹೊರಗೆ ಬಂದಿದ್ದು ಹೇಗೆ ಗೊತ್ತಾ? ಅಪ್ಪನಿಗೂ ಕಾರ್ಖಾನೆ ನಡೆಸೋ ನೆಂಟನಿಗೂ ಜಗಳ ಆಯ್ತು. ಅಷ್ಟೇ. ಆ ಜಗಳ ಆಗದೇ ಇದ್ದಿದ್ರೆ ಏನಾಗ್ತಿತ್ತೋ. ಆಮೇಲೆ ಜಗತ್ತೆಲ್ಲ ಹೆಸರು ಮಾಡಿದ ಮೇಲೂ ಇದನ್ನ ಬಚ್ಚಿಟ್ಟರು, ಮಕ್ಕಳಿಗೂ ಗೊತ್ತಿರಲಿಲ್ಲ. 'ಡೇವಿಡ್ ಕಾಪರ್‌ಫೀಲ್ಡ್' ಕಾದಂಬರಿಯಲ್ಲಿ ವೇಷ ಹಾಕಿಸಿ ಬರೆದ್ರು. ಸತ್ಯ ಹೊರಬಿದ್ದಿದ್ದು ಅವರು ತೀರಿಕೊಂಡ ಮೇಲೆ, ಗೆಳೆಯ ಫಾರ್ಸ್ಟರ್ ಬರೆದ ಜೀವನಚರಿತ್ರೆಯಲ್ಲಿ. ನಾಚಿಕೆ ಅಷ್ಟಿತ್ತು.

ಬನ್ನಿ, ನಮ್ಮ ಮೈಸೂರಿಗೆ ವಾಪಸ್. ತಾಯಿ ಹೋದಮೇಲೆ ಭೈರಪ್ಪ ಓದಿದ್ದು ಹೇಗೆ ಅನ್ನೋದು ಅವರ ಆತ್ಮಕಥೆ 'ಭಿತ್ತಿ'ಯಲ್ಲಿದೆ. ಅಲ್ಲಿ ವಾರಾನ್ನ ಅನ್ನೋ ಪದ ಸಿಗುತ್ತೆ. ನಿಮ್ಮಲ್ಲಿ ಹಲವರು ಕೇಳಿರಲಿಕ್ಕಿಲ್ಲ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರಕ್ಕೆ ಏಳು ಮನೆ ಗೊತ್ತು ಮಾಡ್ಕೊಂಡು ಉಂಡು ಓದೋದು. ಒಂದು ಮನೆ ತಪ್ಪಿದ್ರೆ ಆ ದಿನ ಉಪವಾಸ. ಎಲ್ಲ ಮನೆ ಬಾಗಿಲೂ ಒಂದೇ ಥರ ತೆರೀತಿರಲಿಲ್ಲ ಅನ್ನೋದು ನೀವೇ ಊಹಿಸಬಹುದು. ಆದ್ರೂ ತೆರೀತಿತ್ತು. ಯಾವುದೋ ಅಜ್ಜಿ, ಯಾವುದೋ ಗೃಹಿಣಿ ಒಂದು ಎಲೆ ಜಾಸ್ತಿ ಹಾಕ್ತಿದ್ಲು. ಆ ಕಾಲದಲ್ಲಿ ಓದಿ ಮೇಲೆ ಬಂದ ಎಷ್ಟೋ ಬ್ರಾಹ್ಮಣ ಹುಡುಗರ ಮಾರ್ಕ್ಸ್ ಕಾರ್ಡಿನ ಹಿಂದೆ ಈ ಏಳು ಅಡುಗೆಮನೆಗಳಿವೆ.

ಈಗ ಕೇಳಲೇಬೇಕಾದ ಪ್ರಶ್ನೆ. ಕೇರಿಯಿಂದ ಬಂದ ಹುಡುಗನಿಗೆ ಆ ಏಳು ಮನೆ ಎಲ್ಲಿತ್ತು? ಹಜಾರ ಇರಲಿ, ಜಗಲಿ ಹತ್ತೋದಕ್ಕೂ ಬಿಡದ ಊರಲ್ಲಿ?

ಇದಕ್ಕೆ ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ' ಓದಬೇಕು. 1954ರಲ್ಲಿ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದವರು. ಪುಸ್ತಕದಲ್ಲಿ ಒಂದು ದೃಶ್ಯ ಇದೆ, ಒಮ್ಮೆ ಓದಿದವರು ಮರೆಯಲ್ಲ. ಹೊಲದಲ್ಲಿ ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ. ಎತ್ತಿನ ಜಾಗದಲ್ಲಿ ಮನುಷ್ಯರು. ಹುಡುಗ ನೋಡ್ತಾನೆ, ಅವರಲ್ಲಿ ಒಬ್ಬರು ಅವನ ಅಪ್ಪ. ಸಿದ್ಧಲಿಂಗಯ್ಯ ಇದರ ಮೇಲೆ ಭಾಷಣ ಮಾಡಲ್ಲ. ಹೇಳಿ ಮುಂದಕ್ಕೆ ಹೋಗ್ತಾರೆ. ನೀವು ಅಲ್ಲೇ ನಿಂತಿರ್ತೀರಿ.

ಆಮೇಲೆ ಬೆಂಗಳೂರು, ಶ್ರೀರಾಮಪುರದ ಕೇರಿ, ಸರ್ಕಾರಿ ಹಾಸ್ಟೆಲ್. ವಾರಾನ್ನದ ಏಳು ಮನೆ ಯಾರಿಗೆ ಮುಚ್ಚಿತ್ತೋ ಅವರಿಗೆ ಹಾಸ್ಟೆಲ್ಲೇ ಎಂಟನೇ ಮನೆ. ಕೇರಿಯ ಮನೆಯಲ್ಲಿ ಒಬ್ಬನೇ ಕೂತು ಓದೋಕೆ ಜಾಗ ಎಲ್ಲಿ? ಸ್ಮಶಾನಕ್ಕೆ ಹೋಗಿ ಕೂತು ಓದ್ತಿದ್ರಂತೆ. ನಗು ಬರುತ್ತಲ್ಲ? ಬರಲಿ, ನಗಿಸೋದಕ್ಕೇ ಬರೆದಿದ್ದಾರೆ. ಪುಸ್ತಕದ ತುಂಬ ಈ ಥರದ ನಗು. ವಿಮರ್ಶಕ ಡಿ.ಆರ್. ನಾಗರಾಜ್ ಕೂಡ ಈ ಪುಸ್ತಕದಲ್ಲಿ ಗುರುತಿಸಿದ್ದು ಬಡವರ ಈ ನಗುವನ್ನೇ. ಡಿಕನ್ಸ್ ಬಚ್ಚಿಟ್ಟರು, ಸಿದ್ಧಲಿಂಗಯ್ಯ ಎಲ್ಲರೆದುರು ಹರಡಿಟ್ಟು ನಕ್ಕರು. ಅಪ್ಪನ ಹೆಗಲ ಮೇಲೆ ನೊಗ ಇಟ್ಟವರು ನಾಚಿಕೆಪಡಬೇಕು, ನಾನ್ಯಾಕೆ ಪಡಲಿ ಅನ್ನೋ ಥರ.

ಸಿದ್ಧಲಿಂಗಯ್ಯ ದಲಿತ ಸಂಘರ್ಷ ಸಮಿತಿ ಕಟ್ಟಿದವರಲ್ಲಿ ಒಬ್ಬರು. 1975ರಲ್ಲಿ 'ಹೊಲೆಮಾದಿಗರ ಹಾಡು' ಬಂತು. ಪ್ರೊಫೆಸರ್ ಆದ್ರು, ವಿಧಾನ ಪರಿಷತ್ತಿಗೂ ಹೋದ್ರು. ಒಂದು ತಮಾಷೆ ನೋಡಿ. 1999ರ ಸಾಹಿತ್ಯ ಸಮ್ಮೇಳನ ನಡೆದಿದ್ದು ಮಾಗಡಿಗೆ ಹತ್ತಿರದ ಕನಕಪುರದಲ್ಲಿ, ಅಧ್ಯಕ್ಷರು ಭೈರಪ್ಪ. 2015ರದ್ದು ಭೈರಪ್ಪನವರದೇ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಅಧ್ಯಕ್ಷರು ಸಿದ್ಧಲಿಂಗಯ್ಯ! ವಿಚಾರದಲ್ಲಿ ಇಬ್ಬರದೂ ಎರಡು ದಿಕ್ಕು. ಆದ್ರೆ ಹಸಿವಿನ ಬಗ್ಗೆ ಬರೆಯುವಾಗ ಇಬ್ಬರೂ 'ನಾನು ಗೆದ್ದೆ' ಅನ್ನಲ್ಲ. ಯಾರು ಅನ್ನ ಹಾಕಿದ್ರು, ಯಾರು ಹಾಕಲಿಲ್ಲ, ಯಾರು ದಾರಿಯಲ್ಲೇ ಹೋಗಿಬಿಟ್ರು ಅನ್ನೋ ಲೆಕ್ಕ ಒಪ್ಪಿಸ್ತಾರೆ.

ಹಾಸ್ಟೆಲ್‌ನಿಂದ ಕೇಳ್ತಿರೋರು ಬಹಳ ಜನ ಇದ್ದೀರಿ ಅಂತ ನಿಮ್ಮ ಮೆಸೇಜ್‌ಗಳಿಂದ ಗೊತ್ತು. ಸ್ಕಾಲರ್‌ಶಿಪ್ ಬಂತಾ ಅಂತ ಫೋನ್ ನೋಡ್ತಾ ಇರೋರು, ಸಾಂಬಾರು ತೆಳ್ಳಗಿದೆ ಅಂತ ವಾರ್ಡನ್ ಹತ್ರ ಜಗಳ ಆಡೋರು. ಆ ಜಗಳ ಬಿಡಬೇಡಿ. ಆ ಸಾಂಬಾರು ನಿಮಗೆ ಯಾರೂ ಹಾಕ್ತಿರೋ ಭಿಕ್ಷೆ ಅಲ್ಲ. ಅದಕ್ಕೂ ಒಂದು ಹೋರಾಟದ ಇತಿಹಾಸ ಇದೆ.

ಯಾವುದನ್ನ ಮೊದಲು ಓದಲಿ ಅಂತೀರಾ? 'ಊರುಕೇರಿ'ಯ ಮೊದಲ ಭಾಗ ಚಿಕ್ಕದು, ಬಸ್ಸಲ್ಲೇ ಮುಗಿಯುತ್ತೆ, ಪಕ್ಕದವರು ಯಾಕೆ ನಗ್ತಿದ್ದೀರಿ ಅಂತ ಕೇಳ್ತಾರೆ ಅಷ್ಟೇ. 'ಗೃಹಭಂಗ' ದಪ್ಪ ಪುಸ್ತಕ. ಪರೀಕ್ಷೆ ವಾರದಲ್ಲಿ ಹಿಡೀಬೇಡಿ. ಓದಿದಮೇಲೆ ನಂಜಮ್ಮನ ಬಗ್ಗೆ ನಿಮ್ಮ ಮನೆಯ ಅಜ್ಜಿ ಹತ್ರ ಮಾತಾಡಿ, ಅವರು ಏನು ಹೇಳಿದ್ರು ಅಂತ ನಮಗೊಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.