ಹಳೆಯ ಯಂತ್ರ-ಸಾಮಾನುಗಳಿಗೆ ಬೆಲೆ ಕಟ್ಟುವ ಬಗೆ

(ಶಿರೂರಿನಲ್ಲಿ ರೈತರ ಮುಂದೆ ಮಾಡಿದ ಭಾಷಣ)



ಅಮೀನಗಡದ ಸಂತೆಗೆ ಹೋದ ರೈತನಿಗೆ ಎತ್ತಿನ ಬೆಲೆ ಕಟ್ಟುವುದನ್ನು ಯಾರೂ ಕಲಿಸಬೇಕಾಗಿಲ್ಲ. ಬಾಯಿ ತೆರೆದು ಹಲ್ಲು ನೋಡುತ್ತಾನೆ, ನಡೆಸಿ ನೋಡುತ್ತಾನೆ, ಅಂಥದೇ ಎತ್ತು ಆ ದಿನ ಎಷ್ಟಕ್ಕೆ ಹೋಯಿತೆಂದು ವಿಚಾರಿಸುತ್ತಾನೆ. ಆದರೆ ಅದೇ ರೈತನು ಟ್ರ್ಯಾಕ್ಟರ್, ಪಂಪ್‌ಸೆಟ್, ರಾಶಿ ಮಷೀನುಗಳ ವಿಷಯದಲ್ಲಿ ಮಾತ್ರ ಯಾರೋ ಹೇಳಿದ ಅಂಕಿಗೆ ತಲೆಯಾಡಿಸುತ್ತಾನೆ. ಅಣ್ಣತಮ್ಮಂದಿರು ಪಾಲಾಗುವಾಗ, ಸಾಲ ಪಡೆಯುವಾಗ, ವಿಮೆ ಮಾಡಿಸುವಾಗ ನಷ್ಟವಾಗುವುದು ಇಲ್ಲಿಯೇ. ಆದ್ದರಿಂದ ಈ ಕೆಲಸವನ್ನೇ ವೃತ್ತಿಯಾಗಿ ಮಾಡುವವರು ಹೇಗೆ ಬೆಲೆ ಕಟ್ಟುತ್ತಾರೆಂಬುದನ್ನು ಇಂದು ತಿಳಿದುಕೊಳ್ಳೋಣ.

ಮೊದಲ ಪ್ರಶ್ನೆ: ಯಾತಕ್ಕಾಗಿ?

ಬೆಲೆ ಕಟ್ಟುವವನು ಯಂತ್ರವನ್ನು ನೋಡುವ ಮೊದಲೇ ಎರಡು ಮಾತು ಕೇಳುತ್ತಾನೆ. ಬೆಲೆ ಯಾತಕ್ಕಾಗಿ ಬೇಕು? ಯಾವ ದಿನದ ಬೆಲೆ ಬೇಕು? ಒಂದೇ ವಸ್ತುವಿಗೆ ಉದ್ದೇಶಕ್ಕೆ ತಕ್ಕಂತೆ ಬೇರೆ ಬೇರೆ ಬೆಲೆ ಇರುವುದರಿಂದ ಈ ಪ್ರಶ್ನೆ ಅವಶ್ಯ. ಲೆಕ್ಕಕ್ಕಾಗಿ ಹಿಡಿದ ಒಂದು ಉದಾಹರಣೆ ನೋಡಿರಿ.

ಒಂದು ಟ್ರ್ಯಾಕ್ಟರನ್ನು ನಾಲ್ಕು ವರ್ಷ ಮೂರು ತಿಂಗಳ ಹಿಂದೆ 6,00,000 ರೂಪಾಯಿಗೆ ಕೊಂಡಿದೆ. ಅದೇ ಮಾದರಿಯ ಹೊಸದರ ಬೆಲೆ ಈಗ 7,50,000 ಎಂದು ಇಟ್ಟುಕೊಳ್ಳೋಣ.

1. ಲೆಕ್ಕದ ಪುಸ್ತಕದ ಬೆಲೆ: ಆದಾಯ ತೆರಿಗೆಯ ಲೆಕ್ಕದಲ್ಲಿ ಸಾಮಾನ್ಯ ಯಂತ್ರಗಳಿಗೆ ವರ್ಷಕ್ಕೆ ಶೇ. 15ರಷ್ಟು ಸವಕಳಿಯನ್ನು ಉಳಿದ ಮೊತ್ತದ ಮೇಲೆ ಕಳೆಯುತ್ತಾರೆ. ಹೀಗೆ ನಾಲ್ಕು ಸಲ ಕಳೆದರೆ ಸುಮಾರು 3,13,000 ಉಳಿಯುತ್ತದೆ.

2. ವಿಮೆಯ ಬೆಲೆ: ವಾಹನ ವಿಮೆಯಲ್ಲಿ ರೂಢಿಯಲ್ಲಿರುವ ಪಟ್ಟಿಯಂತೆ ನಾಲ್ಕರಿಂದ ಐದು ವರ್ಷದೊಳಗಿನ ವಾಹನಕ್ಕೆ, ಕಂಪನಿಯ ಈಗಿನ ಮಾರಾಟ ಬೆಲೆಯಲ್ಲಿ ಶೇ. 50 ಕಳೆಯುತ್ತಾರೆ. ಉಳಿಯುವುದು 3,75,000. ಐದು ವರ್ಷ ದಾಟಿದ ಮೇಲೆ ಎರಡೂ ಕಡೆಯವರು ಒಪ್ಪಿದ್ದೇ ಬೆಲೆ.

3. ಪೇಟೆಯ ಬೆಲೆ: ಇಂಥದೇ ಟ್ರ್ಯಾಕ್ಟರ್ ನೆರೆಯ ಊರಿನಲ್ಲಿ 4,40,000ಕ್ಕೆ ಮಾರಿದೆ. ನಮ್ಮದರ ಹಿಂದಿನ ಟೈರುಗಳು ಸವೆದಿವೆ, ಹೊಸದಕ್ಕೆ 45,000 ಬೇಕು. ಅದನ್ನು ಕಳೆದರೆ 3,95,000.

4. ಲಿಲಾವಿನ ಬೆಲೆ: ಗೊತ್ತಾದ ದಿನದೊಳಗೆ ಮಾರಲೇಬೇಕಾದಾಗ ಇದಕ್ಕಿಂತ ಕಡಿಮೆ ಬರುವುದೇ ಹೆಚ್ಚು.

ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಿದರೆ ಅನ್ಯಾಯವಾಗುತ್ತದೆ. ಇಬ್ಬರು ಅಣ್ಣತಮ್ಮಂದಿರಲ್ಲಿ ಅಣ್ಣ ಟ್ರ್ಯಾಕ್ಟರ್ ಇಟ್ಟುಕೊಂಡು ತಮ್ಮನಿಗೆ ಅರ್ಧ ಹಣ ಕೊಡಬೇಕೆನ್ನಿ. ಪುಸ್ತಕದ ಬೆಲೆ ಹಿಡಿದರೆ ತಮ್ಮನಿಗೆ 1,56,500, ಪೇಟೆಯ ಬೆಲೆ ಹಿಡಿದರೆ 1,97,500. ವ್ಯತ್ಯಾಸ 41,000 ರೂಪಾಯಿ. ಪಾಲಿಗೆ ಸಲ್ಲುವುದು ಪಾಲಾಗುವ ದಿನದ ಪೇಟೆಯ ಬೆಲೆ. ಎಂದರೆ, ಕೊಳ್ಳಲು ಆತುರವಿಲ್ಲದವನು, ಮಾರಲು ಒತ್ತಾಯವಿಲ್ಲದವನಿಗೆ ತಿಳಿದು ಕೊಡುವ ಬೆಲೆ.

ಮೂರು ದಾರಿಗಳು

ಯಾವ ವೃತ್ತಿನಿರತನೇ ಆಗಲಿ, ಬೆಲೆಗೆ ಮೂರು ದಾರಿಯಿಂದ ಹೋಗುತ್ತಾನೆ.

ಮೊದಲನೆಯದು ಹೋಲಿಕೆ. ಮೇಲೆ ಹೇಳಿದ ಪೇಟೆಯ ಲೆಕ್ಕ ಇದೇ. ಇದಕ್ಕೆ ಕೇಳಿದ ಬೆಲೆ ಸಾಲದು, ನಿಜವಾಗಿ ಕೈಬದಲಾದ ಬೆಲೆ ಬೇಕು.

ಎರಡನೆಯದು ವೆಚ್ಚ. ಇಂದು ಹೊಸದನ್ನು ತರಲು ಎಷ್ಟು ಬೇಕೆಂದು ನೋಡಿ, ಸವೆತವನ್ನೂ ಮಾದರಿ ಹಳತಾದುದನ್ನೂ ಕಳೆಯುವುದು. ಮಾರಾಟವೇ ಅಪರೂಪವಾದ ಯಂತ್ರಗಳಿಗೆ ಇದು ಸರಿಯಾದ ದಾರಿ.

ಮೂರನೆಯದು ಗಳಿಕೆ. ಬಾಡಿಗೆಗೆ ಓಡುವ ರಾಶಿ ಮಷೀನು ಡೀಸೆಲ್, ಆಳು, ರಿಪೇರಿ ಎಲ್ಲ ಕಳೆದು ವರ್ಷಕ್ಕೆ 60,000 ಉಳಿಸುತ್ತದೆ, ಇನ್ನು ಐದು ವರ್ಷ ಬಾಳುತ್ತದೆ ಎನ್ನಿ. ಹಾಗೆಂದು ಅದರ ಬೆಲೆ 3,00,000 ಅಲ್ಲ. ಮುಂದೆ ಬರುವ ರೂಪಾಯಿ ಇಂದಿನ ರೂಪಾಯಿಗೆ ಸಮನಲ್ಲ. ಶೇ. 12ರ ಬಡ್ಡಿ ಹಿಡಿದರೆ ಇಂದಿನ ಬೆಲೆ ಸುಮಾರು 2,16,000 ಆಗುತ್ತದೆ.

ನೆಲೆಯಲ್ಲಿದ್ದಾಗ, ಕಿತ್ತಾಗ

ಕೊಳವೆಬಾವಿಯಲ್ಲಿ ಇಳಿಸಿದ ಮೋಟಾರು, ಪೈಪು, ಕೇಬಲ್ ನೀರೆತ್ತುತ್ತಿರುವಾಗ ಒಂದು ಬೆಲೆ. ಮೇಲೆತ್ತಿ ಅಂಗಳದಲ್ಲಿ ಹಾಕಿದಾಗ ಇನ್ನೊಂದು, ಅನೇಕ ಸಲ ಗುಜರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಇಳಿಸಿದ ಕೂಲಿ, ಜೋಡಿಸಿದ ಖರ್ಚು ಕಿತ್ತ ಯಂತ್ರದ ಜೊತೆ ಬರುವುದಿಲ್ಲ. ಹೊಲದ ಜೊತೆ ಪಂಪ್‌ಸೆಟ್ ಯಾರ ಪಾಲಿಗೆ ಹೋಗುತ್ತದೆಂಬುದನ್ನು ಮೊದಲು ನಿಶ್ಚಯಿಸಿ, ಆಮೇಲೆ ಬೆಲೆ ಕಟ್ಟಿರಿ.

ಆಲಮಟ್ಟಿಯ ಹಿನ್ನೀರಿಗೆ ಭೂಮಿ ಬಿಟ್ಟುಕೊಟ್ಟ ನಮ್ಮ ಜಿಲ್ಲೆಯವರಿಗೆ ಈ ಭೇದ ಚೆನ್ನಾಗಿ ತಿಳಿದಿರಬೇಕು. 2013ರ ಭೂಸ್ವಾಧೀನ ಕಾಯಿದೆಯ 29ನೆಯ ಕಲಮಿನಂತೆ ಕಟ್ಟಡ ಮೊದಲಾಗಿ ನೆಲಕ್ಕೆ ಅಂಟಿದ ಸ್ವತ್ತಿಗೆ ಎಂಜಿನಿಯರು ಅಥವಾ ತಜ್ಞರ, ಗಿಡಮರಗಳಿಗೆ ಕೃಷಿ, ಅರಣ್ಯ, ತೋಟಗಾರಿಕೆಯಲ್ಲಿ ಅನುಭವವುಳ್ಳವರ ನೆರವನ್ನು ಜಿಲ್ಲಾಧಿಕಾರಿ ಪಡೆಯಬಹುದು. ಸ್ಥಳ ತನಿಖೆಯ ದಿನ ನೀವು ಹಾಜರಿದ್ದು, ಯಾವುದು ನೆಲಕ್ಕೆ ಅಂಟಿದೆ, ಯಾವುದು ಎತ್ತಿಕೊಂಡು ಹೋಗುವಂಥದು ಎಂಬುದನ್ನು ಬರೆಯಿಸಿರಿ.

ಯಂತ್ರದ ಹಲ್ಲು ನೋಡುವುದು

ಎತ್ತಿಗೆ ಹಲ್ಲು ಹೇಗೋ ಟ್ರ್ಯಾಕ್ಟರಿಗೆ ಗಂಟೆ ಮೀಟರು ಹಾಗೆ. ಆದರೆ ಮೀಟರನ್ನು ಒಂದನ್ನೇ ನಂಬಬೇಡಿರಿ. ಕ್ಲಚ್ ಪೆಡಲಿನ ಸವೆತ, ಟೈರು, ಹೊಗೆಯ ಬಣ್ಣ, ಹೈಡ್ರಾಲಿಕ್ ಎತ್ತುವ ಶಕ್ತಿ ಇವು ಮೀಟರಿಗೆ ಹೊಂದುತ್ತವೆಯೇ ನೋಡಿರಿ. ಟ್ರೇಲರ್, ಕಲ್ಟಿವೇಟರ್, ರೋಟಾವೇಟರುಗಳಿಗೆ ಪ್ರತ್ಯೇಕ ಬೆಲೆ ಹಾಕಿರಿ. ಚಾಸಿ ಮತ್ತು ಎಂಜಿನ್ ನಂಬರುಗಳನ್ನು ಆರ್.ಸಿ. ಪುಸ್ತಕದೊಡನೆ ತಾಳೆ ನೋಡಿರಿ. ಅದರಲ್ಲಿ ಬ್ಯಾಂಕಿನ ಹೆಸರು ಇದ್ದರೆ, ಸಾಲ ತೀರಿದ ಮೇಲೆ ಫಾರಂ 35 ಕೊಟ್ಟು ತೆಗೆಸದ ಹೊರತು ಸ್ವತ್ತು ಮುಕ್ತವಲ್ಲ. ಇಷ್ಟು ಚಿಕ್ಕ ಕಾಗದವೂ ಬೆಲೆಯನ್ನು ಏರಿಳಿಸುತ್ತದೆ.

ಯಾರನ್ನು ಕರೆಯಬೇಕು?

ಎಲ್ಲಕ್ಕೂ ಹೊರಗಿನವರು ಬೇಕಿಲ್ಲ. ಕುಂಟಿ, ಕೂರಿಗೆ, ಚಕ್ಕಡಿಗಳಿಗೆ ಊರಿನ ಬಡಿಗೇರ, ಕಮ್ಮಾರರು ಸಾಕು. ಇಳಕಲ್ಲಿನ ಮಗ್ಗಕ್ಕೆ ನೇಕಾರನೇ ತಜ್ಞ. ದೊಡ್ಡ ಯಂತ್ರಗಳು, ಗಿರಣಿ, ಸಂಸ್ಕರಣ ಘಟಕಗಳಿದ್ದರೆ ಮಾತ್ರ ನೋಂದಾಯಿತ ಮೌಲ್ಯಮಾಪಕರನ್ನು ಕರೆಯಿರಿ. 2013ರ ಕಂಪನಿ ಕಾಯಿದೆಯ 247ನೆಯ ಕಲಮು ಮತ್ತು 2017ರ ನಿಯಮಗಳಂತೆ ಇವರ ನೋಂದಣಿ ನಡೆಯುತ್ತದೆ. ಯಂತ್ರಗಳಿಗೂ ಭೂಮಿ-ಕಟ್ಟಡಗಳಿಗೂ ಬೇರೆ ಬೇರೆ ನೋಂದಣಿ ಇರುವುದರಿಂದ, ಯಾವುದರಲ್ಲಿ ನೋಂದಾಯಿತರೆಂದು ಕೇಳಿರಿ. ಕಟ್ಟಿದ ಬೆಲೆಯಲ್ಲಿ ಶೇಕಡಾವಾರು ಸಂಬಳ ಕೇಳುವವರನ್ನು ದೂರವಿಡಿರಿ. ಬೆಲೆ ಏರಿದಷ್ಟೂ ಅವರಿಗೆ ಲಾಭ.

ವರದಿಯಲ್ಲಿ ಉದ್ದೇಶ, ದಿನಾಂಕ, ಯಂತ್ರದ ನಂಬರು, ಪರೀಕ್ಷಿಸಿದ ಸ್ಥಳ, ಹಿಡಿದ ದಾರಿ, ಹೋಲಿಸಿದ ಮಾರಾಟಗಳು, ಸಹಿ ಇರಲೇಬೇಕು. ಬರೀ ಅಂಕಿ ಬರೆದ ಚೀಟಿ ವರದಿಯಲ್ಲ.

ಕೊನೆಯದಾಗಿ, ಪ್ರತಿಯೊಬ್ಬರ ಮನೆಯಲ್ಲಿಯೂ ನೂರು ಹಾಳೆಯ ಒಂದು ನೋಟುಬುಕ್ ಇರಲಿ. ಕೊಂಡ ದಿನ, ಕೊಟ್ಟ ಹಣ, ಪಾವತಿ, ಪ್ರತಿ ರಿಪೇರಿಯ ಖರ್ಚು, ವರ್ಷಕ್ಕೊಮ್ಮೆ ಗಂಟೆ ಮೀಟರಿನ ಅಂಕಿ ಇಷ್ಟನ್ನು ಬರೆದಿಡಿರಿ. ಅಣ್ಣತಮ್ಮಂದಿರು ಕೂಡಿ ಬಾಳುವಾಗ ಬರೆದ ಲೆಕ್ಕವನ್ನು ಪಾಲಾಗುವಾಗ ಇಬ್ಬರೂ ನಂಬುತ್ತಾರೆ. ಪಾಲಾಗುವ ದಿನ ಬರೆದ ಲೆಕ್ಕವನ್ನು ಯಾರೂ ನಂಬುವುದಿಲ್ಲ.