ಒಬ್ಬ ಸಪ್ಲಾಯರ್, ಹತ್ತು ಸಾವಿರ ಗಿರಾಕಿಗಳು

‘ಸರ್ವರ್ ಡೌನ್’ – ಈ ಎರಡು ಮಾತುಗಳು ಇಂದು ಅಕ್ಷರ ಬಾರದವರ ಬಾಯಲ್ಲಿಯೂ ಇವೆ. ಪಹಣಿಗೆ ಹೋದರೂ ಇದೇ ಮಾತು, ಪಡಿತರಕ್ಕೆ ಹೋದರೂ ಇದೇ ಮಾತು. ಕನ್ನಡ ಪಾಠ ಹೇಳುವ ನಾನು ಇದರ ಒಳಗುಟ್ಟನ್ನು ವಿಚಾರಿಸಹೊರಟುದು ಏಕೆಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ, ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ. ನಮ್ಮ ಭಾಲ್ಕಿಯ ಬಸ್ ನಿಲ್ದಾಣದ ಬಳಿ ಒಂದು ಇಂಟರ್‌ನೆಟ್ ಅಂಗಡಿಯಲ್ಲಿ ನಿಂತಿದ್ದೆ. ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ ಒಂದು ದಿನದ ಕೂಲಿ ಬಿಟ್ಟು ಹಳ್ಳಿಯಿಂದ ಬಂದಿದ್ದರು. ಅಂಗಡಿಯ ಹುಡುಗ ನೋಂದಣಿ ಸಂಖ್ಯೆಯನ್ನು ಒತ್ತಿದ. ತೆರೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಸಂಜೆಯ ಬಸ್ಸು ಹೊರಡುವ ಹೊತ್ತಾಯಿತು. “ಸರ್, ಮಗಳಿಗಿ ಏನಂತ ಹೇಳ್ಲಿರಿ?” ಎಂದು ಕೇಳಿ ಅವರು ಹೊರಟುಹೋದರು. ನನ್ನಲ್ಲಿ ಉತ್ತರವಿರಲಿಲ್ಲ.

ಸರ್ವರ್ ಎಂದರೆ ಕೇಳಿದವರಿಗೆ ಕೇಳಿದುದನ್ನು ಒದಗಿಸುವ ಗಣಕಯಂತ್ರ. ಒಂದು ಚಹಾದ ಹೋಟೆಲನ್ನು ನೆನೆದುಕೊಳ್ಳಿ. ಗಿರಾಕಿಗೊಬ್ಬ ಸಪ್ಲಾಯರ್, ಗಿರಾಕಿ ಏಳುವವರೆಗೂ ಅವನು ಕದಲುವಂತಿಲ್ಲ. ಹತ್ತು ಮಂದಿಗೆ ಇದು ನಡೆದೀತು. ಸಾವಿರ ಮಂದಿ ಬಂದರೆ ಸಪ್ಲಾಯರರಿಗೇ ನಿಲ್ಲಲು ಜಾಗವಿರದು! ಹಳೆಯ ಸರ್ವರುಗಳಲ್ಲಿ ಅನೇಕವು ಹೀಗೆಯೇ ಇದ್ದುವು. ಒಂದೊಂದು ಸಂಪರ್ಕಕ್ಕೆ ಒಂದೊಂದು ‘ಥ್ರೆಡ್’. ಪ್ರತಿಯೊಂದೂ ಯಂತ್ರದ ನೆನಪಿನಲ್ಲಿ ಸ್ಥಳ ಹಿಡಿಯುವುದು. ಒಂದರಿಂದ ಇನ್ನೊಂದಕ್ಕೆ ಹೊರಳಲು ಕಾಲ ವ್ಯಯವಾಗುವುದು. ವಿಚಿತ್ರವೆಂದರೆ, ಅವುಗಳಲ್ಲಿ ಹೆಚ್ಚಿನವು ಮಾಡುತ್ತಿರುವ ಕೆಲಸ ಬರಿಯ ಕಾಯುವಿಕೆ.

ಆದರೆ ನಮ್ಮೂರ ಹೋಟೆಲಿನ ಜಾಣ ಸಪ್ಲಾಯರನನ್ನು ನೀವು ನೋಡಿಲ್ಲವೆ? ಇಲ್ಲಿ ಸುಸಲಾ ಕೇಳಿಕೊಂಡು, ಒಳಗೆ ಕೂಗಿ ಹೇಳಿ, ಅಷ್ಟರಲ್ಲಿ ಅತ್ತ ಚಹಾ ಇಟ್ಟು ಬರುತ್ತಾನೆ. ಎಲ್ಲಿಯೂ ಕಾಯುತ್ತ ನಿಲ್ಲನು. ಕರೆ ಬಂದ ಕಡೆ ಹೋಗುವನು. ಇದನ್ನೇ ತಜ್ಞರು ‘ಈವೆಂಟ್ ಡ್ರಿವನ್’ ರಚನೆ ಎನ್ನುವರು. ಸಂಗತಿ ಒದಗಿದಾಗ ಮಾತ್ರ ಕೆಲಸ ಎಂದು ಇದರ ತಾತ್ಪರ್ಯ.

1999ರಲ್ಲಿ ಡ್ಯಾನ್ ಕೆಗೆಲ್ ಎಂಬ ಅಮೆರಿಕದ ತಂತ್ರಜ್ಞರು, ಒಂದೇ ಯಂತ್ರ ಏಕಕಾಲಕ್ಕೆ 10,000 ಸಂಪರ್ಕಗಳನ್ನು ನಿಭಾಯಿಸಬಾರದೇಕೆ ಎಂಬ ಪ್ರಶ್ನೆಯನ್ನು ಮುಂದಿಟ್ಟರು. ಅದಕ್ಕೆ ‘ಸಿ-10-ಕೆ’ ಸಮಸ್ಯೆ ಎಂದೇ ಹೆಸರಾಯಿತು. ಹಳೆಯ ಕ್ರಮದಲ್ಲಿ ಸಪ್ಲಾಯರ್ ಪ್ರತಿ ಸುತ್ತಿನಲ್ಲಿಯೂ ಎಲ್ಲ ಮೇಜುಗಳಿಗೂ ಹೋಗಿ “ಏನಾದರೂ ಬೇಕೇನ್ರೀ?” ಎಂದು ವಿಚಾರಿಸಬೇಕಿತ್ತು. 2000ದಲ್ಲಿ ಫ್ರೀಬಿಎಸ್‌ಡಿಯಲ್ಲಿ ‘ಕೆಕ್ಯೂ’, 2002ರಲ್ಲಿ ಲಿನಕ್ಸಿನಲ್ಲಿ ‘ಈಪೋಲ್’ ಎಂಬ ಸೌಕರ್ಯಗಳು ಬಂದುವು. ಇವು ಕರೆದ ಮೇಜುಗಳ ಪಟ್ಟಿಯನ್ನಷ್ಟೆ ಕೈಗೆ ಕೊಡುವುವು. ರಷ್ಯದ ಇಗೋರ್ ಸಿಸೋಯೆವ್ 2004ರಲ್ಲಿ ಬಿಡುಗಡೆ ಮಾಡಿದ ‘ಎಂಜಿನ್‌ಎಕ್ಸ್’ ಈ ದಾರಿಯಲ್ಲಿ ನಡೆದು ಜಗತ್ತಿನಾದ್ಯಂತ ಹಬ್ಬಿತು.

ಇಲ್ಲಿ ಎಚ್ಚರವೂ ಬೇಕು. ಸಪ್ಲಾಯರನೇ ಭಜಿ ಕರಿಯುತ್ತ ಕುಳಿತರೆ ಇಡೀ ಹೋಟೆಲು ಕಾಯಬೇಕಾಗುವುದು. ಆದುದರಿಂದ ಭಾರದ ಕೆಲಸವನ್ನು ಬೇರೆಯವರಿಗೆ ಒಪ್ಪಿಸಬೇಕು. ಒಲೆ ಒಂದೇ ಇದ್ದರೆ ಸಪ್ಲಾಯರನ ಚುರುಕೂ ವ್ಯರ್ಥ. ಫಲಿತಾಂಶವಂತೂ ಪ್ರಕಟವಾದ ಬಳಿಕ ಆ ದಿನ ಬದಲಾಗುವುದಿಲ್ಲ. ಒಬ್ಬೊಬ್ಬರ ಉತ್ತರವನ್ನೂ ಮೊದಲೇ ಸಿದ್ಧಪಡಿಸಿಟ್ಟರೆ ಪ್ರತಿ ಸಲವೂ ಉಗ್ರಾಣವನ್ನು ಕೆದಕಬೇಕಾಗಿಲ್ಲ. ಒಂದು ಯಂತ್ರ ಸಾಲದಿದ್ದರೆ ಹಲವು ಯಂತ್ರಗಳಿಗೆ ಗಿರಾಕಿಗಳನ್ನು ಹಂಚಬಹುದು.

ಅಷ್ಟಾದರೂ ಜನ ಮೀರಿ ಬಂದರೆ? ಆಗ ಒಳ್ಳೆಯ ಸರ್ವರ್ ಕುಸಿದು ಬೀಳಬಾರದು. “ನಿಮ್ಮ ಸರದಿ ಇಷ್ಟನೆಯದು, ಇಷ್ಟು ಹೊತ್ತಿಗೆ ಬನ್ನಿ” ಎಂದು ನಿಜವನ್ನು ಹೇಳಬೇಕು. ಅಂದು ಆ ತಂದೆಗೆ ಬೇಕಾಗಿದ್ದುದು ಇಷ್ಟೇ.

ಮರುದಿನ ಫಲಿತಾಂಶ ತೆರೆಯಿತು. ಹುಡುಗಿ ತೇರ್ಗಡೆಯಾಗಿದ್ದಳು. ಆದರೆ ಆ ಮನೆಯವರು ಕಳೆದ ಒಂದು ರಾತ್ರಿ ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರೆದಿರುವುದಿಲ್ಲ. ನಿಮ್ಮ ಮನೆಯ ಮಕ್ಕಳು ಇಂದು ಗಣಕಶಾಸ್ತ್ರವನ್ನು ಓದುತ್ತಿರಬಹುದು. ನಾಳೆ ಸರ್ವರ್ ಕಟ್ಟಲು ಕುಳಿತಾಗ, ತಂತಿಯ ಆ ತುದಿಯಲ್ಲಿ ಸಂಜೆಯ ಬಸ್ಸಿಗೆ ಹೋಗಬೇಕಾದವರೊಬ್ಬರು ನಿಂತಿದ್ದಾರೆಂಬುದನ್ನು ಅವರಿಗೆ ತಿಳಿಹೇಳಿ.